ಮಕ್ಕಳ ‘ಮೆಡಿಯಾ’ ಭೇಟಿಗಾಗಿ ದೇಣಿಗೆ ಮನವಿ

ಮಾನ್ಯ ಪೋಷಕರಿಗೂ ಕನ್ನಡ ಬಂಧುಗಳಿಗೂ ನಮಸ್ಕಾರಗಳು.

ಸ್ಯಾನ್ ಡಿಯಾಗೋ ಬಂದರಿಗೆ ಹೋದವರು ಸಾಮಾನ್ಯವಾಗಿ ‘ಮಿಡ್‌ವೇ’ ಎಂಬ ಬೃಹತ್ ವಿಮಾನವಾಹಕ ಹಡಗನ್ನು ನೋಡಿ ಮರಳುತ್ತಾರೆ. ನಮ್ಮ ವಾರಾಂತ್ಯದ ಕನ್ನಡ ಶಾಲೆಯ ಮಕ್ಕಳನ್ನು ಈ ಬೇಸಿಗೆಯಲ್ಲಿ ಅದೇ ದಂಡೆಯ ಮ್ಯಾರಿಟೈಮ್ ಮ್ಯೂಸಿಯಂನಲ್ಲಿರುವ ‘ಮೆಡಿಯಾ’ ಎಂಬ ಪುಟ್ಟ ಉಗಿನೌಕೆಯ ಬಳಿಗೆ ಕರೆದೊಯ್ಯಬೇಕೆಂದು ಸಮಿತಿ ತೀರ್ಮಾನಿಸಿದೆ.

ಸ್ಕಾಟ್ಲೆಂಡಿನ ಟಾರಿಸ್‌ಡೇಲ್ ಕೋಟೆಯ ಒಡೆಯರಾಗಿದ್ದ ವಿಲಿಯಂ ಮೆಕಾಲಿಸ್ಟರ್ ಹಾಲ್ ಅವರ ವಿಹಾರಕ್ಕೆಂದು 1904ರಲ್ಲಿ, ಕೇವಲ 51 ದಿನಗಳಲ್ಲಿ ಕಟ್ಟಿ ಮುಗಿಸಿದ ನೌಕೆ ಇದು. ಉಕ್ಕಿನ ಒಡಲು, ತೇಗದ ಕೆಲಸ, ಶ್ರೀಮಂತರ ಬೇಟೆ ಮತ್ತು ಔತಣಗಳಿಗೆ ಬೇಕಾದ ಸಕಲ ಸೌಕರ್ಯ. ಆದರೆ 1917ರಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಸರಕಿನ ಹಡಗುಗಳನ್ನು ಒಂದರ ಹಿಂದೊಂದರಂತೆ ಮುಳುಗಿಸತೊಡಗಿ, ಕಾವಲಿಗೆ ಹಡಗುಗಳು ಸಾಲದೆ ಬಂದಾಗ, ಫ್ರೆಂಚ್ ನೌಕಾಪಡೆ ಇದನ್ನು ಕೊಂಡು, 75 ಮಿಲಿಮೀಟರ್ ತೋಪನ್ನು ಕೂರಿಸಿ, ‘ಕಾರ್ನೇಯ್’ ಎಂದು ಹೆಸರು ಬದಲಿಸಿ, ಸರಕು ಹಡಗುಗಳ ಬೆಂಗಾವಲಿಗೆ ಕಳುಹಿಸಿತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆ ಇದನ್ನು ಥೇಮ್ಸ್ ನದಿಯ ಮುಖದಲ್ಲಿ ಲಂಗರು ಹಾಕಿಸಿತು. ಶತ್ರುವಿಮಾನಗಳು ತಗ್ಗಿನಲ್ಲಿ ಹಾರಿಬರದಂತೆ ಉಕ್ಕಿನ ಹಗ್ಗ ಕಟ್ಟಿದ ದೊಡ್ಡ ಬಲೂನನ್ನು ಹಾರಿಸಿ ನಿಲ್ಲುವುದು ಆಗ ಇದರ ಕೆಲಸವಾಗಿತ್ತು. ಮುಂದೆ ಪಾಲ್ ವಿಟ್ಟಿಯರ್ ಅವರು ಇದನ್ನು ಕೊಂಡು ದುರಸ್ತಿ ಮಾಡಿಸಿ, 1973ರಲ್ಲಿ ಮ್ಯೂಸಿಯಂಗೆ ದಾನವಾಗಿ ನೀಡಿದರು.

ಯುದ್ಧವೆಂದರೆ ದೊಡ್ಡ ಹಡಗು, ದೊಡ್ಡ ತೋಪು ಎಂದಷ್ಟೇ ತಿಳಿದಿರುವ ಮಕ್ಕಳಿಗೆ, ಊಟದ ಮೇಜಿದ್ದ ದೋಣಿಯೂ ಕಾವಲಿಗೆ ಹೊರಟಿತ್ತೆಂಬುದನ್ನು ಅದರ ಅಟ್ಟದ ಮೇಲೆ ನಿಲ್ಲಿಸಿಯೇ ಹೇಳಬೇಕೆಂಬುದು ನಮ್ಮ ಆಸೆ. ಪಕ್ಕದಲ್ಲೇ ಇರುವ ‘ಸ್ಟಾರ್ ಆಫ್ ಇಂಡಿಯಾ’ ಹಾಯಿಹಡಗನ್ನೂ ತೋರಿಸಲಿದ್ದೇವೆ. ‘ಯೂಟರ್ಪಿ’ ಎಂಬ ಹೆಸರಿದ್ದಾಗ ಅದು ತನ್ನ ಮೊದಲ ಯಾನದಲ್ಲಿ ಹೊರಟದ್ದು ನಮ್ಮ ಕಲ್ಕತ್ತೆಗೆ.

ಬಸ್ಸು, ಪ್ರವೇಶ ಮತ್ತು ಮಧ್ಯಾಹ್ನದ ಊಟ ಸೇರಿ ಮಗುವೊಂದಕ್ಕೆ 40 ಡಾಲರ್ ಎಂದು ಅಂದಾಜಿಸಿದ್ದೇವೆ. ಯಾವ ಮಗುವಿನಿಂದಲೂ ಹಣ ಕೇಳಬಾರದೆಂದು ನಿರ್ಧರಿಸಿರುವುದರಿಂದ ತಮ್ಮ ನೆರವನ್ನು ಕೋರುತ್ತಿದ್ದೇವೆ. ಒಬ್ಬ ಮಗುವಿನ ಖರ್ಚನ್ನು ಪೂರ್ತಿ ವಹಿಸಿಕೊಂಡರೂ ಸರಿಯೇ, ಹತ್ತು ಡಾಲರ್ ಕೊಟ್ಟರೂ ಸರಿಯೇ. ಉಳಿದ ಹಣವನ್ನು ಮ್ಯೂಸಿಯಂನ ದೇಣಿಗೆ ಪೆಟ್ಟಿಗೆಗೆ ಮಕ್ಕಳ ಕೈಯಿಂದಲೇ ಹಾಕಿಸಲಾಗುವುದು. ಚೆಕ್ಕನ್ನು ಶಾಲೆಯ ಖಜಾಂಚಿಯವರಿಗೆ ತಲುಪಿಸಿ ರಸೀದಿ ಪಡೆಯಬೇಕಾಗಿ ವಿನಂತಿ. ದಾನಿಗಳ ಪಟ್ಟಿಯಲ್ಲಿ ಹೆಸರು ಬೇಡವೆನ್ನುವವರು ಅದನ್ನೂ ದಯವಿಟ್ಟು ತಿಳಿಸಿ.

ತಮ್ಮ ವಿಶ್ವಾಸಿಗಳು,
ಶಾಲಾ ಸಮಿತಿ