ಉದ್ರಿ ಲೆಕ್ಕದ ಆಪ್ ಬಳಸುವ ಅಂಗಡಿಯವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಹಲವರು ಬಳಸುವ ಉದ್ರಿ ಲೆಕ್ಕದ ಆಪ್ ಹೊಸ ಆವೃತ್ತಿಗೆ ಮತ್ತೆ ದುಡ್ಡು ಕೇಳುತ್ತಿದೆ. ದುಡ್ಡು ಕಟ್ಟಿದವರಿಗೂ ನೆಮ್ಮದಿಯಿಲ್ಲ: ಹೊಸ ಆವೃತ್ತಿಯಲ್ಲಿ ಗಿರಾಕಿಗಳ ಹೆಸರು ಇವೆ, ಬಾಕಿ ಕಾಲಂ ಖಾಲಿ. ಒಮ್ಮೆ ಕೊಂಡರೆ ಸಾಕು ಎಂದು ಮಾರಿ ಈಗ ವರ್ಷದ ಚಂದಾ ಕೇಳುವುದು ಖಂಡಿತ ಅನ್ಯಾಯ.

ಸಿಟ್ಟಿನಲ್ಲಿ ಆಪ್ ಅನ್‌ಇನ್‌ಸ್ಟಾಲ್ ಮಾಡಬೇಡಿ, 'ಕ್ಲಿಯರ್ ಡೇಟಾ' ಒತ್ತಬೇಡಿ. ಇಂಥ ಎಷ್ಟೋ ಆಪ್‌ಗಳು ಲೆಕ್ಕವನ್ನೆಲ್ಲ ಫೋನಿನೊಳಗೇ ಎಸ್‌ಕ್ಯೂಲೈಟ್ ಎಂಬ ಒಂದು ಡೇಟಾಬೇಸ್ ಫೈಲಿನಲ್ಲಿ ಇಡುತ್ತವೆ. ಬ್ಯಾಕಪ್ ಇಲ್ಲದಿದ್ದರೆ ಅದೂ ಹೋಯಿತು. ಇನ್ನೂ ಅಪ್‌ಗ್ರೇಡ್ ಮಾಡದವರು ಮೊದಲು ಲೆಕ್ಕವನ್ನು ಸಿಎಸ್‌ವಿ ಎಂಬ ಸಾದಾ ಪಟ್ಟಿಯ ಫೈಲಾಗಿ ಆಪ್‌ನಿಂದ ಹೊರತೆಗೆದು (ಎಕ್ಸ್‌ಪೋರ್ಟ್) ಇಟ್ಟುಕೊಳ್ಳಿ, ಎಕ್ಸೆಲ್‌ನಲ್ಲಿ ತೆರೆದು ನಾಲ್ಕಾರು ಜನರ ಬಾಕಿ ತಾಳೆ ನೋಡಿ. ಆಪ್ ತೆಗೆದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ, ಪ್ಲೇ ಸ್ಟೋರ್‌ನಲ್ಲಿ ಕಟ್ಟಿದ್ದರೆ ಅಲ್ಲಿಯ ಸಬ್‌ಸ್ಕ್ರಿಪ್ಷನ್ಸ್‌ಗೆ ಹೋಗಿ ರದ್ದು ಮಾಡಬೇಕು. ಎಕ್ಸ್‌ಪೋರ್ಟ್ ಗೊತ್ತಾಗದವರು ರಾತ್ರಿ ಅಂಗಡಿ ಮುಚ್ಚಿದ ಮೇಲೆ ನನಗೆ ಫೋನ್ ಮಾಡಿ.