ಗ್ರಂಥಗಳನ್ನು ದಾಟಿಸಿದವರ ಹೆಸರೂ ಬರಲಿ

ಮಾನ್ಯ ಸಂಪಾದಕರೆ,

ಯುರೋಪಿನ ಚಿಂತನೆಯನ್ನು ರೂಪಿಸಿದ ಗ್ರಂಥಗಳನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಬರುತ್ತಿರುವ ಲೇಖನಮಾಲೆಯನ್ನು ಮೊದಲ ಕಂತಿನಿಂದಲೂ ತಪ್ಪದೆ ಓದುತ್ತ ಬಂದಿದ್ದೇನೆ. ಇಂಥ ವಿಷಯಕ್ಕೆ ದಿನಪತ್ರಿಕೆಯೊಂದು ಜಾಗ ಮಾಡಿಕೊಟ್ಟಿರುವುದಕ್ಕೆ ಕೃತಜ್ಞತೆ ಸಲ್ಲಿಸುತ್ತಲೇ ಒಂದು ಆಕ್ಷೇಪವನ್ನು ತಮ್ಮ ಮುಂದಿಡಬೇಕಾಗಿದೆ. ಪ್ರತಿ ಕಂತಿನಲ್ಲೂ ಮಹಾನುಭಾವನೊಬ್ಬ ಒಂದು ಪುಸ್ತಕ ಬರೆಯುತ್ತಾನೆ, ಅದು ಹೊರಬರುತ್ತದೆ, ಮರುದಿನವೇ ಎಂಬಂತೆ ಇಡೀ ಖಂಡದ ಯೋಚನೆ ಬದಲಾಗಿಬಿಡುತ್ತದೆ. ನಡುವಿನ ಐವತ್ತು, ನೂರು ವರ್ಷಗಳು ಮತ್ತು ಆ ವರ್ಷಗಳಲ್ಲಿ ಪುಸ್ತಕವನ್ನು ಅನುವಾದಿಸಿದ, ನಕಲು ಮಾಡಿದ, ಬಚ್ಚಿಟ್ಟ, ಅದರ ಅಂಚಿನಲ್ಲಿ ವಾದ ಹೂಡಿದ ಜನ ಎಲ್ಲಿಯೂ ಕಾಣಿಸುವುದಿಲ್ಲ. ಚಿಂತನೆ ನಿಜವಾಗಿ ಬದಲಾದದ್ದು ಆ ಜನರ ಕೈಯಲ್ಲಿ, ಆ ವರ್ಷಗಳಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅರಿಸ್ಟಾಟಲನ ಕಂತು ಅಥೆನ್ಸಿನಿಂದ ನೇರವಾಗಿ ಪ್ಯಾರಿಸಿನ ವಿಶ್ವವಿದ್ಯಾಲಯಕ್ಕೆ ಜಿಗಿದಿತ್ತು. ನಡುವೆ ಸ್ಪೇನಿನ ಟೊಲೆಡೊ ನಗರ ಬರಬೇಕಿತ್ತು. ಟಾಲೆಮಿಯ ಖಗೋಳ ಗ್ರಂಥವನ್ನು ಓದಲೇಬೇಕೆಂಬ ಹಂಬಲದಿಂದ ಇಟಲಿಯ ಕ್ರೆಮೋನಾದ ಗೆರಾರ್ಡ್ ಎಂಬ ವಿದ್ವಾಂಸ 12ನೇ ಶತಮಾನದಲ್ಲಿ ಅಲ್ಲಿಗೆ ಹೋದ, ಅರಬ್ಬಿ ಕಲಿತ, ಜೀವಮಾನವನ್ನು ಅಲ್ಲಿಯೇ ಸವೆಸಿ 70ರಷ್ಟು ಗ್ರಂಥಗಳನ್ನು ಲ್ಯಾಟಿನ್ನಿಗೆ ತಂದ. ಅವುಗಳಲ್ಲಿ ಅರಿಸ್ಟಾಟಲನ ಹಲವು ಕೃತಿಗಳೂ ಇಬ್ನ್ ಸಿನಾನ ವೈದ್ಯಗ್ರಂಥವೂ ಇದ್ದವು. ಅನುವಾದಗಳ ಮೇಲೆ ಅವನು ತನ್ನ ಹೆಸರು ಹಾಕಿಕೊಳ್ಳುತ್ತಿರಲಿಲ್ಲವಾದ್ದರಿಂದ, 1187ರಲ್ಲಿ ಅವನು ತೀರಿಕೊಂಡ ಬಳಿಕ ಶಿಷ್ಯರೇ ಕೂತು ಪಟ್ಟಿ ಬರೆದಿಟ್ಟರು. ಗ್ರೀಕಿನಿಂದ ನೇರವಾಗಿ ಅನುವಾದಿಸಿದವರೂ ಆ ಕಾಲದಲ್ಲಿ ಇದ್ದರು, ಆ ಮಾತು ಬೇರೆ. ಹೀಗೆ ಬಂದ ಅರಿಸ್ಟಾಟಲನಿಗೆ ಪ್ಯಾರಿಸ್ ಬಾಗಿಲು ತೆರೆದು ಕಾದಿರಲೂ ಇಲ್ಲ. 1210ರಲ್ಲಿ ಅಲ್ಲಿನ ಧರ್ಮಸಭೆ ಪ್ರಕೃತಿಯನ್ನು ಕುರಿತ ಅವನ ಗ್ರಂಥಗಳ ಪಾಠವನ್ನು ನಿಷೇಧಿಸಿತು. 1255ರ ಹೊತ್ತಿಗೆ ಅದೇ ನಗರದ ವಿಶ್ವವಿದ್ಯಾಲಯದ ಕಲಾ ವಿಭಾಗ ಅವೇ ಗ್ರಂಥಗಳನ್ನು ಕಡ್ಡಾಯ ಪಠ್ಯವಾಗಿಸಿತು. ಈ 45 ವರ್ಷಗಳಲ್ಲಿ ತರಗತಿಗಳಲ್ಲಿ ನಡೆದ ವಾಗ್ವಾದವೇ ಲೇಖನದ ತಿರುಳಾಗಬೇಕಿತ್ತು.

ಕೊಪರ್ನಿಕಸನ ಕಂತು ನನಗೆ ಇನ್ನೂ ಹೆಚ್ಚು ಬೇಸರ ತಂದಿತು. 1543ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾದ ಅವನ ಗ್ರಂಥವನ್ನು ಆ ಕಾಲದಲ್ಲಿ ಯಾರೂ ಓದಿರಲಿಲ್ಲ ಎಂಬ ಹಳೆಯ ಮಾತನ್ನು ಲೇಖಕರು ಪರಿಶೀಲಿಸದೆ ಮತ್ತೆ ಹೇಳಿದ್ದಾರೆ. ಅಮೆರಿಕದ ಖಗೋಳ ವಿಜ್ಞಾನಿ ಓವೆನ್ ಗಿಂಗರಿಚ್ ಈ ಮಾತನ್ನು ಪರೀಕ್ಷಿಸಲೆಂದೇ ಸುಮಾರು ಮೂವತ್ತು ವರ್ಷ ಗ್ರಂಥಾಲಯದಿಂದ ಗ್ರಂಥಾಲಯಕ್ಕೆ ಅಲೆದು, ಮೊದಲೆರಡು ಮುದ್ರಣಗಳ ಸುಮಾರು 600 ಪ್ರತಿಗಳನ್ನು ಪತ್ತೆಮಾಡಿದರು. ಅವರ ಹುಡುಕಾಟಕ್ಕೆ ನೆಪವಾದದ್ದು 1970ರಲ್ಲಿ ಎಡಿನ್‌ಬರೊದ ವೀಕ್ಷಣಾಲಯದಲ್ಲಿ ಕಣ್ಣಿಗೆ ಬಿದ್ದ ಒಂದು ಪ್ರತಿ. ವಿಟೆನ್‌ಬರ್ಗಿನಲ್ಲಿ ಗಣಿತ ಕಲಿಸುತ್ತಿದ್ದ ಎರಾಸ್ಮಸ್ ರೈನ್‌ಹೋಲ್ಡ್ ಎಂಬಾತ ಓದಿದ ಪ್ರತಿ ಅದು. ಕಠಿಣವಾದ ಗಣಿತ ಭಾಗದ ಕೊನೆಯವರೆಗೂ ಅದರ ಅಂಚುಗಳಲ್ಲಿ ಅವನ ಟಿಪ್ಪಣಿಗಳಿವೆ. ಮುಂದೆ ಹುಡುಕಿದಂತೆಲ್ಲ ಇಂಥ ಪ್ರತಿಗಳು ಇನ್ನೂ ಸಿಕ್ಕವು. ಒಬ್ಬ ಗುರುವಿನ ಟಿಪ್ಪಣಿಗಳನ್ನು ಶಿಷ್ಯರು ತಮ್ಮ ಪ್ರತಿಗಳಿಗೆ ಎತ್ತಿ ಬರೆದುಕೊಂಡದ್ದೂ ತಿಳಿದುಬಂತು. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬ ಆ ಗ್ರಂಥದ ವಾದವನ್ನು ಇವರಲ್ಲಿ ಹೆಚ್ಚಿನವರು ಒಪ್ಪಿರಲಿಲ್ಲ. ಒಪ್ಪದೆಯೂ ಲೆಕ್ಕಗಳನ್ನು ಬಳಸಿದರು, ತಿದ್ದಿದರು, ಮುಂದಿನವರಿಗೆ ಕಲಿಸಿದರು. ಒಂದು ವಿಚಾರ ನೆಲೆಯೂರುವ ಬಗೆ ಇದೇ ಎಂದು ನಾನು ತಿಳಿದಿದ್ದೇನೆ.

ಅದೇ ಗ್ರಂಥದ ಇನ್ನೊಂದು ಸಂಗತಿಯನ್ನೂ ಹೇಳಬೇಕು. 1616ರಲ್ಲಿ ರೋಮಿನ ಕ್ಯಾಥೊಲಿಕ್ ಧರ್ಮಪೀಠ ಅದನ್ನು ತಿದ್ದುಪಡಿಯಾಗುವವರೆಗೆ ತಡೆಹಿಡಿದು, 1620ರಲ್ಲಿ ಯಾವ ಯಾವ ಸಾಲುಗಳನ್ನು ಹೊಡೆದುಹಾಕಬೇಕು ಅಥವಾ ಬದಲಿಸಬೇಕು ಎಂದು ಸೂಚನೆ ಹೊರಡಿಸಿತು. ಗಿಂಗರಿಚ್ ಕಂಡಂತೆ ಇಟಲಿಯಲ್ಲಿದ್ದ ಪ್ರತಿಗಳಲ್ಲಿ ಹೆಚ್ಚಿನವು ಈ ಅಪ್ಪಣೆಯಂತೆ ತಿದ್ದಲ್ಪಟ್ಟಿವೆ, ಇಟಲಿಯ ಗಡಿ ದಾಟಿದರೆ ಅಂಥ ಪ್ರತಿಗಳು ಬಹುತೇಕ ಸಿಗುವುದೇ ಇಲ್ಲ. ಗೆಲಿಲಿಯೋನ ಸ್ವಂತ ಪ್ರತಿಯಲ್ಲೂ ಆ ತಿದ್ದುಪಡಿಗಳಿವೆ. ಆದರೆ ಅಲ್ಲಿ ಗೆರೆಯನ್ನು ಎಷ್ಟು ಹಗುರವಾಗಿ ಎಳೆಯಲಾಗಿದೆಯೆಂದರೆ ಅದರಡಿಯ ಮೂಲ ಪಾಠವನ್ನು ಸಲೀಸಾಗಿ ಓದಬಹುದು. ಆ ತೆಳುವಾದ ಗೆರೆಯ ಬಗ್ಗೆ ಓದಿದ ದಿನ ನನಗೆ ಆ ಕಾಲದ ಯುರೋಪು ಅರ್ಥವಾದಷ್ಟು ಬೇರಾವ ವಿವರಣೆಯಿಂದಲೂ ಆಗಿರಲಿಲ್ಲ.

ಲೇಖನಮಾಲೆ ಒಳಿತು ಮಾಡಿದ ಗ್ರಂಥಗಳನ್ನಷ್ಟೇ ಆರಿಸಿಕೊಂಡಿರುವುದು ನನ್ನ ಎರಡನೆಯ ಆಕ್ಷೇಪ. 1486ರಲ್ಲಿ ಜರ್ಮನಿಯ ಸ್ಪೈಯರ್ ನಗರದಲ್ಲಿ ಹೈನ್ರಿಕ್ ಕ್ರಾಮರ್ ಅಚ್ಚುಹಾಕಿಸಿದ, ಮಾಟಗಾತಿಯರನ್ನು ಪತ್ತೆಹಚ್ಚಿ ವಿಚಾರಿಸುವ ಕೈಪಿಡಿಯೂ ಯುರೋಪಿನ ಮನಸ್ಸನ್ನು ರೂಪಿಸಿತು. ಅದು ಮತ್ತೆ ಮತ್ತೆ ಅಚ್ಚಾಗುತ್ತ 17ನೇ ಶತಮಾನದವರೆಗೂ ಚಲಾವಣೆಯಲ್ಲಿತ್ತು. ಮಾಟದ ಆರೋಪದ ಮೇಲೆ ಯುರೋಪಿನಲ್ಲಿ ಸುಮಾರು 40,000ದಿಂದ 60,000 ಜನರನ್ನು ಕೊಲ್ಲಲಾಯಿತೆಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ, ಅವರಲ್ಲಿ ಹೆಚ್ಚಿನವರು ಹೆಂಗಸರು. ಇದಕ್ಕೆಲ್ಲ ಆ ಪುಸ್ತಕವೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಮುದ್ರಣಯಂತ್ರ ಬೆಳಕನ್ನು ಹಂಚಿದಷ್ಟೇ ನಿಷ್ಠೆಯಿಂದ ಇದನ್ನೂ ಹಂಚಿತು ಎಂಬುದು ಓದುಗರಿಗೆ ತಿಳಿಯಬೇಕು.

ಅದಕ್ಕೆ ಉತ್ತರ ಬಂದ ಬಗೆಯೂ ತಿಳಿಯಬೇಕು. ಫ್ರೀಡ್ರಿಕ್ ಷ್ಪೇ ಎಂಬ ಜೆಸ್ವಿಟ್ ಪಾದ್ರಿ, ಶಿಕ್ಷೆಗೆ ಗುರಿಯಾದ ಹೆಂಗಸರ ಪಾಪನಿವೇದನೆ ಕೇಳಿದ್ದವನು, 1631ರಲ್ಲಿ ರಿಂಟೆಲ್ನ್‌ನಲ್ಲಿ ತನ್ನ ಹೆಸರಿಲ್ಲದೆ ಒಂದು ಲ್ಯಾಟಿನ್ ಪುಸ್ತಕ ಹೊರತಂದ. ಚಿತ್ರಹಿಂಸೆಯೇ ಮಾಟಗಾತಿಯರನ್ನು ಸೃಷ್ಟಿಸುತ್ತಿದೆ ಎಂಬುದು ಅವನ ವಾದ: ನೋವು ತಾಳಲಾರದೆ ಒಬ್ಬಳು ಒಪ್ಪಿಕೊಳ್ಳುತ್ತಾಳೆ, ಜೊತೆಗಾರರ ಹೆಸರು ಹೇಳೆಂದು ಮತ್ತೆ ಹಿಂಸಿಸಿದಾಗ ಬಾಯಿಗೆ ಬಂದ ಹೆಸರು ಹೇಳುತ್ತಾಳೆ, ಹೆಸರು ಬಂದವಳನ್ನು ಹಿಡಿದು ತರುತ್ತಾರೆ, ಹೀಗೆ ಇದಕ್ಕೆ ಕೊನೆಯೇ ಇರುವುದಿಲ್ಲ. ನಾಲ್ಕೇ ವರ್ಷಗಳ ನಂತರ, ಟ್ರಿಯರ್‌ನಲ್ಲಿ ಸೋಂಕು ತಗುಲಿದ ಸೈನಿಕರ ಆರೈಕೆ ಮಾಡುತ್ತ ಅವನು ತೀರಿಕೊಂಡ. ತನ್ನ ಪುಸ್ತಕದ ಫಲವನ್ನು ಅವನು ಕಾಣಲಿಲ್ಲ. ಹಾಲೆ ವಿಶ್ವವಿದ್ಯಾಲಯದ ಕಾನೂನು ಪಂಡಿತ ಕ್ರಿಶ್ಚಿಯನ್ ಥಾಮಸಿಯಸ್ 1701ರಲ್ಲಿ ಮಾಟದ ಅಪರಾಧವನ್ನೇ ಅಲ್ಲಗಳೆಯುವಾಗ ಆ ಪುಸ್ತಕವನ್ನು ಆಧರಿಸಿದ. ಪ್ರಷ್ಯಾದಲ್ಲಿ ದೊರೆ ಎರಡನೆಯ ಫ್ರೆಡರಿಕ್ ಚಿತ್ರಹಿಂಸೆಗೆ ಕಡಿವಾಣ ಹಾಕಿದ್ದು 1740ರಲ್ಲಿ.

ಮುಂದಿನ ಕೊಂಡಿ ಮಿಲಾನಿನಲ್ಲಿದೆ. 1764ರಲ್ಲಿ ಅಪರಾಧ ಮತ್ತು ಶಿಕ್ಷೆಗಳ ಕುರಿತ ಚಿಕ್ಕ ಪುಸ್ತಕವೊಂದು ಲಿವೋರ್ನೊದಲ್ಲಿ ಅಚ್ಚಾಯಿತು, ಅದಕ್ಕೂ ಲೇಖಕನ ಹೆಸರಿರಲಿಲ್ಲ. ಬರೆದವನು 26 ವರ್ಷದ ಚೆಸಾರೆ ಬೆಕ್ಕಾರಿಯ. ಬರೆಯಲು ಹುರಿದುಂಬಿಸಿ ಹಸ್ತಪ್ರತಿಯನ್ನು ಓರಣಗೊಳಿಸಿದವನು ಗೆಳೆಯ ಪಿಯೆತ್ರೊ ವೆರ್ರಿ; ಸೆರೆಮನೆಗಳ ಒಳಗಿನ ಸ್ಥಿತಿಯನ್ನು ತಿಳಿಸಿದವನು ಕೈದಿಗಳ ರಕ್ಷಕನ ಹುದ್ದೆಯಲ್ಲಿದ್ದ ಪಿಯೆತ್ರೊನ ತಮ್ಮ ಅಲೆಸ್ಸಾಂದ್ರೊ. ಫ್ರೆಂಚಿಗೆ ತಂದ ಮೊರೆಲೆ ಅಧ್ಯಾಯಗಳ ಕ್ರಮವನ್ನೇ ಬದಲಿಸಿದ. ಯುರೋಪಿನ ಬಹಳಷ್ಟು ಜನ ಓದಿದ್ದು ಅವನು ಜೋಡಿಸಿದ ರೂಪವನ್ನು. 1766ರಲ್ಲಿ ಪುಸ್ತಕ ರೋಮಿನ ನಿಷೇಧಿತ ಗ್ರಂಥಗಳ ಪಟ್ಟಿ ಸೇರಿತು. ಅದಾದ ಇಪ್ಪತ್ತು ವರ್ಷಕ್ಕೆ, 1786ರಲ್ಲಿ, ಟಸ್ಕನಿಯ ದೊರೆ ಲಿಯೊಪೋಲ್ಡ್ ತನ್ನ ರಾಜ್ಯದಲ್ಲಿ ಮರಣದಂಡನೆಯನ್ನೂ ಚಿತ್ರಹಿಂಸೆಯನ್ನೂ ರದ್ದುಮಾಡಿದ. ಇದನ್ನೆಲ್ಲ ಬೆಕ್ಕಾರಿಯ ಒಬ್ಬನ ಸಾಧನೆಯೆಂದು ಬರೆದರೆ ಅವನಿಗೂ ನ್ಯಾಯ ಸಲ್ಲದು.

ಫ್ರೆಂಚ್ ವಿಶ್ವಕೋಶದ ಕಂತು ಮುಂದೆ ಬರಲಿದೆಯೆಂದು ಪ್ರಕಟಣೆ ನೋಡಿದೆ. ಅದರ ಸಂಪಾದಕ ದಿದರೋನ ಜೊತೆಗೆ, ಸುಮಾರು ಕಾಲುಭಾಗದಷ್ಟು ನಮೂದುಗಳನ್ನು ಬರೆದ ಝೊಕೂರ್‌ನನ್ನೂ, 1752ರಲ್ಲಿ ಮುಟ್ಟುಗೋಲಿನ ಆಜ್ಞೆ ಹೊರಟಾಗ ಸಂಪಾದಕರ ಕಾಗದಪತ್ರಗಳನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು ಕಾಪಾಡಿದ ಸರ್ಕಾರಿ ಅಧಿಕಾರಿ ಮಾಲ್‌ಶೆರ್ಬ್‌ನನ್ನೂ ದಯವಿಟ್ಟು ಮರೆಯಬಾರದು. ಪುಸ್ತಕ ವ್ಯಾಪಾರದ ಮೇಲೆ ಕಣ್ಣಿಡುವುದೇ ಆತನ ಹುದ್ದೆಯಾಗಿತ್ತು. ನ್ಯೂಟನ್ನನ ಬಗ್ಗೆ ಬರೆಯುವುದಾದರೆ ಅವನ ಮಹಾಗ್ರಂಥವನ್ನು ಫ್ರೆಂಚಿಗೆ ತಂದ ಎಮಿಲಿ ದು ಶಾತ್ಲೆ ಬರಬೇಕು. 1749ರಲ್ಲಿ ಆಕೆ ಹೆರಿಗೆಯ ಬೆನ್ನಲ್ಲೇ ತೀರಿಕೊಂಡರು, ಅನುವಾದ ಪೂರ್ಣವಾಗಿ ಪ್ರಕಟವಾದದ್ದು 1759ರಲ್ಲಿ.

ಷ್ಪೇಯ ಪುಸ್ತಕ ತಮ್ಮ ಮುಂದಿನ ಕಂತುಗಳ ಪಟ್ಟಿಯಲ್ಲಿಲ್ಲ. ಸ್ಥಳಾಭಾವವಿದ್ದರೆ ಹೆಸರಾಂತ ಗ್ರಂಥವೊಂದನ್ನು ಕೈಬಿಟ್ಟಾದರೂ ಅದಕ್ಕೆ ಒಂದು ಕಂತು ಮೀಸಲಿಡಬೇಕೆಂದು ಕೋರುತ್ತೇನೆ. ಆ ಲೇಖನದ ತಲೆಯ ಮೇಲೆ, ಮೊದಲ ಮುದ್ರಣದಲ್ಲಿ ಅವನು ಹಾಕಿಕೊಳ್ಳಲಾಗದೆ ಹೋದ ಹೆಸರನ್ನು ದಪ್ಪ ಅಕ್ಷರಗಳಲ್ಲಿ ಅಚ್ಚುಹಾಕಿಸಿ.

ಇತಿ,
ತಮ್ಮ ಪತ್ರಿಕೆಯ ಓದುಗ