ರೂಮಿನವಳಿಗೆ ಹೇಳಿಬಿಡು

ಡೊಂಬಿವಲಿ
ಶನಿವಾರ ರಾತ್ರಿ

ಪುಟ್ಟೀ,

ಸೋಮವಾರ ನೀನು ಪುಣೆಗೆ ಹೊರಡುತ್ತೀಯ. ಹೋಗಬೇಡ ಅಂತ ಬರೆಯುತ್ತಿಲ್ಲ. ಸ್ಟ್ರೋಕ್ ಆಗಿ ವರ್ಷ ತುಂಬುವ ಮೊದಲೇ ಹಿಂಜೇವಾಡಿಯ ಅದೇ ಕೆಲಸಕ್ಕೆ ವಾಪಸಾಗುತ್ತಿದ್ದೀಯ ಅಂತ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಬರೆಯುತ್ತಿರುವುದು ಊಟದ ಹೊತ್ತಲ್ಲಿ ನೀನಾಡಿದ ಒಂದು ಮಾತಿಗೆ. "ರೂಮಿನವಳಿಗೆ ಏನೂ ಹೇಳಲ್ಲ. ಮಲಯಾಳಿ ಅಂದ್ಕೊಂಡ್ರೆ ಅಂದ್ಕೊಳ್ಳಲಿ." ಅಪ್ಪ ಮಧ್ಯೆ ಬಂದರು, ಮಾತು ಅಲ್ಲಿಗೇ ನಿಂತಿತು.

ಸ್ಟ್ರೋಕ್ ಆದ ಮೇಲೆ ಬೇರೆ ಸೀಮೆಯವರ ಮಾತಿನಂತೆ ಕೇಳಿಸುವ ಈಗಿನ ನಿನ್ನ ಉಚ್ಚಾರ (ಫಾರಿನ್ ಆಕ್ಸೆಂಟ್ ಸಿಂಡ್ರೋಮ್ ಅನ್ನುತ್ತಾರಲ್ಲ, ಅದು) ನಮಗೆ ಹೊಸದು, ಅವಳಿಗೆ ಅದೇ ಮಾಮೂಲು. ನಾಳೆ ಇನ್ನೊಂದು ಸ್ಟ್ರೋಕ್ ಆಗಿ ನಾಲಿಗೆ ತೊದಲಿದರೆ "ಇವಳು ಮಾತಾಡೋದೇ ಹೀಗೆ" ಅಂದುಕೊಂಡು ಅವಳು ಮಲಗಿಬಿಡುತ್ತಾಳೆ. ನನ್ನ ಭಯ ಇಷ್ಟೇ, ಆದರೆ ತಲೆಯಿಂದ ಹೋಗುತ್ತಿಲ್ಲ. ಮೆದುಳಿನ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಇರುವ ಅವಧಿ 4.5 ಗಂಟೆ. ಅದನ್ನು ಎಣಿಸುವುದು ಯಾರಿಗೋ ಅನುಮಾನ ಬಂದ ಗಳಿಗೆಯಿಂದಲ್ಲ, ನೀನು ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ. ಆಸ್ಪತ್ರೆ ಮುಟ್ಟುವುದು, ಸಿಟಿ ಸ್ಕ್ಯಾನ್ ಮಾಡಿಸುವುದು ಎಲ್ಲ ಅದರೊಳಗೇ ಮುಗಿಯಬೇಕು. ಸಂಜೆ ವಾಕಡ್ ಕಡೆಯ ಟ್ರಾಫಿಕ್ ಹೇಗಿರುತ್ತದೆ ಅಂತ ನಿನಗೇ ಗೊತ್ತು.

ಅದಕ್ಕೇ ಹೋದ ದಿನವೇ ಅವಳ ಫೋನಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿಸು. ನಿನ್ನ ಹೆಸರು, ಒಂದರಿಂದ ಇಪ್ಪತ್ತು, ವಾರದ ದಿನಗಳು, ಎರಡು ವಾಕ್ಯ ಮರಾಠಿ, ಎರಡು ಇಂಗ್ಲಿಷ್. ಇದು ನನ್ನ ಈಗಿನ ಮಾತು ಅಂತ ಹೇಳು. ಸ್ವರ ಎಳೆಯುವುದು, ಪದ ಪದ ಬಿಡಿಸಿ ಆಡುವುದು ನಿನ್ನಲ್ಲಿ ಇದ್ದದ್ದೇ. ಆದರೆ ಪದ ಸಿಗದೆ ತಡಕಾಡುವುದು, ಅವಳ ಮಾತೇ ನಿನಗೆ ಅರ್ಥವಾಗದಿರುವುದು, ಬಾಯಿ ಒಂದು ಕಡೆ ವಾಲುವುದು, ಎತ್ತಿದ ಕೈ ಕೆಳಗೆ ಜಾರುವುದು, ಇದ್ದಕ್ಕಿದ್ದಂತೆ ತೂಗಾಡುವುದು ಹೊಸದು. ಅವುಗಳಲ್ಲಿ ಒಂದೇ ಕಂಡರೂ 108ಕ್ಕೆ ಫೋನ್ ಮಾಡಿ, ನೀನು ಕೊನೆಯ ಸಲ ಸರಿಯಾಗಿದ್ದ ಹೊತ್ತು ಬರೆದಿಡಬೇಕು. ಡಾಕ್ಟರಿಗೆ ಅವಳು ಮೊದಲು ಹೇಳಬೇಕಾದದ್ದು ಮೊದಲಿನಿಂದ ಇದ್ದ ಉಚ್ಚಾರದ ತೊಂದರೆ ಯಾವುದು, ಈಗ ಹೊಸದಾಗಿ ಬದಲಾದದ್ದು ಯಾವುದು ಅನ್ನುವುದನ್ನ. ನೀರೂ ಕುಡಿಸಬಾರದು. ನೀನೂ ಹೆದರಿ ಇನ್ನೊಂದು ಆಸ್ಪಿರಿನ್ ನುಂಗಬೇಡ. ಹೆಪ್ಪೋ ರಕ್ತಸ್ರಾವವೋ ಸ್ಕ್ಯಾನ್ ಆಗದೆ ಯಾರಿಗೂ ತಿಳಿಯುವುದಿಲ್ಲ. ದಿನದ ಮಾತ್ರೆ ಮಾತ್ರ ಡಾಕ್ಟರು ಹೇಳದೆ ನಿಲ್ಲಿಸಕೂಡದು. ರಾತ್ರಿ ಪೂರ್ತಿ ಸಿಟಿ ಸ್ಕ್ಯಾನ್ ನಡೆಯುವ, ಸ್ಟ್ರೋಕ್ ನೋಡುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಮಂಗಳವಾರದೊಳಗೆ ವಿಚಾರಿಸಿಡು.

ಇದನ್ನೆಲ್ಲ ಕೇಳಿದರೆ ಅವಳು ರೂಮು ಬಿಟ್ಟು ಓಡುತ್ತಾಳೆ ಅನ್ನುತ್ತೀಯ. ಓಡುವುದಿಲ್ಲ. ಹೀಗೆ ಮಾಡು ಅಂತ ತಿಳಿಸಿಕೊಟ್ಟರೆ ಜನ ಮಾಡುತ್ತಾರೆ. ಗೊತ್ತಿಲ್ಲದವರೇ ಏನೇನೋ ಕಲ್ಪಿಸಿಕೊಳ್ಳುವುದು. 1941ರಲ್ಲಿ ನಾರ್ವೆಯ ಒಬ್ಬ ಹೆಂಗಸಿಗೆ ಬಾಂಬಿನ ಚೂರು ತಲೆಗೆ ಬಡಿದು, ಆಮೇಲೆ ಅವಳ ಮಾತು ಜರ್ಮನರ ಮಾತಿನಂತೆ ಕೇಳಿಸತೊಡಗಿತು. ದೇಶ ಜರ್ಮನರ ವಶದಲ್ಲಿದ್ದ ಕಾಲ, ಅಂಗಡಿಯವರು ಅವಳಿಗೆ ಸಾಮಾನೇ ಕೊಡುತ್ತಿರಲಿಲ್ಲ. 1947ರಲ್ಲಿ ನರವೈದ್ಯ ಮೋನ್ರಾಡ್-ಕ್ರೋನ್ ಅದನ್ನು ದಾಖಲಿಸಿದರು. ಅವಳಿಗೆ ಜರ್ಮನ್ ಅಂಟಿಕೊಂಡಿರಲಿಲ್ಲ, ನಿನಗೂ ಮಲಯಾಳ ಅಂಟಿಕೊಂಡಿಲ್ಲ. ಮಾತಿನ ಚಲನೆಯನ್ನು ಹೊಂದಿಸುವ ಮೆದುಳಿನ ಭಾಗಕ್ಕೆ ಪೆಟ್ಟಾಗಿ ಸ್ವರದ ಉದ್ದ, ಒತ್ತು, ಏರಿಳಿತ ಆಚೀಚೆಯಾಗಿದೆ. ಅದು ಯಾವ ಸೀಮೆಯದು ಅಂತ ತೀರ್ಮಾನಿಸುವುದು ಕೇಳುವವರ ಕಿವಿ. ಫಡ್ಕೆ ರೋಡಿನ ತರಕಾರಿಯವಳು ಇಲ್ಲೇ ಹುಟ್ಟಿದ ನಿನ್ನನ್ನು "ತುಮಚಂ ಗಾವ್ ಕುಠಲಂ?" (ನಿಮ್ಮ ಊರು ಯಾವುದು?) ಅಂದದ್ದೂ ಹಾಗೆಯೇ. ನಾಟಕ ಅನ್ನುವ ನೆಂಟರಿಗೆ ನೀನು ಎಂಆರ್‌ಐ ತೋರಿಸುತ್ತಾ ಕೂರಬೇಕಿಲ್ಲ. ಸ್ಕ್ಯಾನಿನಲ್ಲಿ ಏನೂ ಕಾಣದವರಿಗೂ ಹೀಗಾಗುವುದುಂಟು, ಅವರದೂ ನಾಟಕವಲ್ಲ.

ಅಭ್ಯಾಸ ಬಿಡಬೇಡ. ಒಂದೇ ಸಲ ಒಂದು ಗಂಟೆ ಬೇಡ, ದಿನಕ್ಕೆ ಎರಡು ಸಲ ಹದಿನೈದು ನಿಮಿಷ ಸಾಕು. ಬೆಳಿಗ್ಗೆ ಮಾಡು, ದಣಿದಾಗ ಉಚ್ಚಾರ ಇನ್ನಷ್ಟು ಜಾರುತ್ತದೆ. ಕನ್ನಡದಲ್ಲಿ ನಿನಗೆ ಕೈಕೊಡುವುದು ಮೂರು: ಹ್ರಸ್ವ ದೀರ್ಘ (ಬಲೆ, ಬಾಲೆ), ಒತ್ತಕ್ಷರ (ಕತೆ, ಕತ್ತೆ), ಲಕಾರ ಳಕಾರ (ಹಲ್ಲಿ, ಹಳ್ಳಿ). ಒಂದು ವಾರಕ್ಕೆ ಒಂದನ್ನೇ ಹಿಡಿ. ಕತ್ತೆ ಅನ್ನುವಾಗ ನಾಲಿಗೆ ಹಲ್ಲಿನ ಹಿಂದೆ ಒಂದು ಕ್ಷಣ ನಿಲ್ಲಬೇಕು, ನೀನು ಬೇಗ ಬಿಟ್ಟುಬಿಡುತ್ತೀಯ. ಹಳ್ಳಿಗೆ ಕನ್ನಡಿ ಬೇಕು: ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳ ಮುಟ್ಟಿದೆಯೇ ನೋಡಿಕೋ. ಜೋಡಿಪದ ಸರಿಹೋದ ಮೇಲೆ ಪ್ರಶ್ನೆಗೆ ಉತ್ತರ ಕೊಡುವ ಅಭ್ಯಾಸ. "ಯಾವಾಗ ಬರ್ತೀಯ?" ಅಂದರೆ "ನಾಳೆ ಬರ್ತೀನಿ" ಅನ್ನುವಾಗ ತೂಕ ನಾಳೆಯ ಮೇಲೆ, "ಯಾರು ಬರ್ತಾರೆ?" ಅಂದರೆ ನಾನು ಅನ್ನುವುದರ ಮೇಲೆ. ಅಕ್ಷರಕ್ಕೊಂದು ಬೆರಳು ಬಡಿಯಬೇಡ, ಅದರಿಂದ ಮಾತು ಇನ್ನೂ ತುಂಡಾಗುತ್ತದೆ. ಬಲೂನು ಊದುವುದೂ ಬೇಡ, ಮಾತು ಸರಿಯಾಗುವುದು ಮಾತಾಡಿದರೆ ಮಾತ್ರ. ಮಾತು ಸರಿಹೋಗಲಿ ಅಂತ ಅತ್ತೆ ಕಟ್ಟಿಕೊಟ್ಟ ಬಜೆ ಬೇರನ್ನು ಇಲ್ಲೇ ಬಿಟ್ಟು ಹೋಗು. ಹಳೆಯ ವಾಯ್ಸ್ ಮೆಸೇಜುಗಳನ್ನು ರಾತ್ರಿ ಒಬ್ಬಳೇ ಕೇಳುತ್ತಾ ಕೂರಬೇಡ ಮಗಳೇ.

ಮತ್ತೆ ಪಾಠವಾಯಿತು, ಕ್ಷಮಿಸು. ಇಷ್ಟು ವರ್ಷ ವಾಕ್ ಚಿಕಿತ್ಸೆ ಮಾಡಿದವಳ ಬಾಯಿ ಸುಮ್ಮನಿರುವುದಿಲ್ಲ. ಆದರೆ ನಿನ್ನ ಥೆರಪಿಸ್ಟ್ ನಾನಾಗಬಾರದು, ತಾಯಿಯ ಹತ್ತಿರ ತಪ್ಪು ಮಾಡಲು ನಿನಗೆ ಕಷ್ಟ. ಪುಣೆಯಲ್ಲಿ ಭಾರತಿ ವಿದ್ಯಾಪೀಠದ ವಾಕ್ ಶ್ರವಣ ಕಾಲೇಜಿದೆ. ಇಲ್ಲಿಗೆ ಬಂದಾಗ ಬಾಂದ್ರಾದ ಅಲಿ ಯಾವರ್ ಜಂಗ್ ವಾಕ್ ಶ್ರವಣ ಸಂಸ್ಥೆಗೂ ಹೋಗಬಹುದು. ಯಾರ ಹತ್ತಿರ ಹೋದರೂ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯೇ ನೋಡು. ಕನ್ನಡದ ಪದಗಳಿಟ್ಟು ಕೆಲಸ ಮಾಡುವವರು ಬೇಕಾದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಬರೆದು ಕೇಳೋಣ. ನಿನ್ನಂಥದೇ ತೊಂದರೆಯವರು ಸಿಗುವುದು ಅಪರೂಪ. ಸ್ಟ್ರೋಕ್‌ನಿಂದ ಮಾತು ಕಳೆದುಕೊಂಡವರ ಗುಂಪಿಗೆ ಸೇರು, ಅಲ್ಲಿ ನಿನ್ನನ್ನು ಯಾವ ಊರು ಅಂತ ಯಾರೂ ಕೇಳುವುದಿಲ್ಲ. ಮನಸ್ಸು ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲೂ ರಾತ್ರಿಯೂ ಎತ್ತುತ್ತಾರೆ.

ಆಫೀಸಿನಲ್ಲಿ ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು. ರೂಮಿನವಳಿಗೆ ಮಾತ್ರ ಸೋಮವಾರವೇ ಹೇಳು, ಅವಳ ನಂಬರು ನನಗೆ ಕಳಿಸು. ದಿನಾ ಫೋನ್ ಮಾಡಿ ಅವಳನ್ನು ಪೀಡಿಸುವುದಿಲ್ಲ.

ಅಮ್ಮ